ಬೆಳ್ಳಿ ಬಣ್ಣವೋ ಕಪ್ಪೋ? ಮನೆಯಲ್ಲೇ ಎಕ್ಸಾಸ್ಟ್ ಹೆಡರ್‌ಗೆ ಸೆರಾಮಿಕ್ ಕೋಟಿಂಗ್

ಇವತ್ತು ಕಾರಿನ ಎಕ್ಸಾಸ್ಟ್ ಹೆಡರ್‌ಗೆ ಮನೆಯಲ್ಲೇ ಸೆರಾಮಿಕ್ ಕೋಟಿಂಗ್ ಹಾಕೋದರ ಬಗ್ಗೆ ಮಾತಾಡೋಣ. ಹೇಗೆ ಹಾಕಬೇಕು ಅನ್ನೋದನ್ನ ಹೇಳ್ತೀನಿ. ಅದಕ್ಕಿಂತ ಮೊದಲು, ಅದು ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದು ಗೊತ್ತಾಗಬೇಕು. ಯಾಕಂದ್ರೆ ಡಬ್ಬಿಯ ಮೇಲೆ ಬರೆದಿರೋದನ್ನ ನಂಬಿ ದುಡ್ಡು ಹಾಕೋರು ಜಾಸ್ತಿ, ಲೆಕ್ಕ ಹಾಕಿ ನೋಡೋರು ಕಡಿಮೆ.

ನಾನು ಪುಣೆಯಲ್ಲಿರೋನು. ಎಂಟೆಕ್ ಮಾಡಿದ್ದು ಥರ್ಮಲ್ ಎಂಜಿನಿಯರಿಂಗ್‌ನಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರ್‌ನಲ್ಲಿ. ಹತ್ತು ವರ್ಷ ಅಟ್ಟದ ಮೇಲಿದ್ದ ಹೀಟ್ ಟ್ರಾನ್ಸ್‌ಫರ್ ಪುಸ್ತಕವನ್ನ ಕೆಳಗಿಳಿಸಿದ್ದು ನಮ್ಮನೆಯ ಹಳೇ ಕಾರು. 1993ರ ಪ್ರೀಮಿಯರ್ 118 ಎನ್‌ಇ. ಮೈ ಇಟಲಿಯ ಫಿಯಾಟ್ 124ರದ್ದು, ಎಂಜಿನ್ ಜಪಾನಿನ ನಿಸ್ಸಾನ್ ಎ12, 1171 ಸಿಸಿ. ಜೋಡಿಸಿದ್ದು ನಮ್ಮ ದೇಶದಲ್ಲಿ. ಒಂಥರಾ ಅಂತರ್ಜಾತಿ ವಿವಾಹ, ಆದ್ರೆ ಚೆನ್ನಾಗಿ ಬಾಳಿದೆ.

ಈ ಎ12 ಎಂಜಿನ್ನಿನದೊಂದು ವಿಶೇಷ ಇದೆ. ಗಾಳಿ-ಪೆಟ್ರೋಲು ಒಳಗೆ ಹೋಗೋದು, ಹೊಗೆ ಹೊರಗೆ ಬರೋದು ಎರಡೂ ಹೆಡ್ಡಿನ ಒಂದೇ ಮಗ್ಗುಲಲ್ಲಿ. ಅಂದ್ರೆ ಎಕ್ಸಾಸ್ಟ್ ಪೈಪಿನ ಸರಿಯಾಗಿ ಮೇಲೆ ಕಾರ್ಬುರೇಟರ್ ಕೂತಿರುತ್ತೆ. ಒಲೆ ಮೇಲೆ ಹಾಲಿನ ಪಾತ್ರೆ ಇಟ್ಟ ಹಾಗೆ. ಓಡ್ತಿರೋವಾಗ ಗಾಳಿ ಬೀಸ್ತಾ ಇರುತ್ತೆ, ಹೊಸ ಪೆಟ್ರೋಲು ಬರ್ತಾ ಇರುತ್ತೆ, ತೊಂದರೆ ಇಲ್ಲ. ನಿಲ್ಲಿಸಿದ ಮೇಲೆ ಶುರು. ಫ್ಯಾನು ನಿಂತಿರುತ್ತೆ, ಪೈಪಿನ ಕಾವು ನೆಟ್ಟಗೆ ಮೇಲಕ್ಕೇರುತ್ತೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸುಮಾರಿಗೇ ಕುದಿಯೋಕೆ ಶುರುವಾಗ್ತವೆ. ಭೋರ್ ಘಾಟಿ ಹತ್ತಿ ಲೋನಾವಳಾದಲ್ಲಿ ನಿಲ್ಲಿಸಿ, ಚಿಕ್ಕಿ ಕಟ್ಟಿಸಿಕೊಂಡು ಹತ್ತು ನಿಮಿಷದಲ್ಲಿ ವಾಪಸ್ ಬಂದ್ರೆ ಗಾಡಿ ಸ್ಟಾರ್ಟ್ ಆಗಲ್ಲ. ಬಾನೆಟ್ ಎತ್ತಿದ್ರೆ ಪೆಟ್ರೋಲಿನ ವಾಸನೆ ಗಪ್ ಅಂತ ಮುಖಕ್ಕೆ ಹೊಡೆಯುತ್ತೆ. ಹಿಂದಿನ ಸೀಟಲ್ಲಿ ಅಪ್ಪ, ಅಮ್ಮ. ಕೆಳಗೆ ಕೆಂಡದಂಥ ಪೈಪು, ಮೇಲೆ ಪೆಟ್ರೋಲ್ ಆವಿ. ಇದನ್ನ ಬರೀ ಸ್ಟಾರ್ಟಿಂಗ್ ತೊಂದರೆ ಅಂತ ತಳ್ಳಿಹಾಕೋಕೆ ಆಗಲ್ಲ.

ಕಂಪನಿಯಿಂದ ಬಂದಿದ್ದ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಇಲ್ಲಿನ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ 16 ಗೇಜಿನ ಎಂಎಸ್ ಪೈಪಿನಲ್ಲಿ ಹೆಡರ್ ಮಾಡಿಸಿದೆ. ಹಾಗೆ ಬಿಟ್ರೆ ಒಂದು ಮಳೆಗಾಲಕ್ಕೆ ತುಕ್ಕು. ಅದಕ್ಕೇ ಕೋಟಿಂಗ್ ಯೋಚನೆ ಬಂದದ್ದು. ನಿಮ್ಮದು ಬಿಎಸ್6 ಗಾಡಿಯಾಗಿದ್ರೆ ಒಂದು ಮಾತು: ಅದರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಸಾಮಾನ್ಯವಾಗಿ ಎಂಜಿನ್ನಿಗೆ ಅಂಟಿಕೊಂಡ ಹಾಗೇ ಇರುತ್ತೆ, ಎಷ್ಟೋ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡು ಹೆಡ್ಡಿನೊಳಗೇ ಸೇರಿಹೋಗಿದೆ. ಅದನ್ನ ಕಿತ್ತು ಹೆಡರ್ ಹಾಕಿಸೋ ಕೆಲಸಕ್ಕೆ ಹೋಗಬೇಡಿ. ಕಾನೂನಿಗೂ ಸರಿ ಇಲ್ಲ, ಊರಿನ ಗಾಳಿಗೂ ಸರಿ ಇಲ್ಲ. ಈ ಮಾತು ಹಳೇ ಗಾಡಿಗಳಿಗೆ.

ಮೊದಲು ಹೆಸರಿನ ಗೊಂದಲ ತೀರಿಸೋಣ. ಪುಣೆಯಲ್ಲಿ ಯಾರನ್ನಾದ್ರೂ ‘ಸೆರಾಮಿಕ್ ಕೋಟಿಂಗ್ ಎಲ್ಲಿ ಹಾಕ್ತಾರೆ’ ಅಂತ ಕೇಳಿ, ಗಾಡಿಯ ಪೇಂಟಿಗೆ ಹೊಳಪು ಕೊಡೋ ಅಂಗಡಿಗೆ ಕಳಿಸ್ತಾರೆ. ಅದು ಬೇರೆ. ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡಿಗೆ ಹಾಕೋ ಜಿರ್ಕೋನಿಯಾ ಪದರವೂ ಸೆರಾಮಿಕ್ಕೇ. ಅದನ್ನ ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಸಿಡಿಸ್ತಾರೆ, ಮನೆಯಲ್ಲಿ ಆಗೋ ಮಾತಲ್ಲ. ನಮ್ಮ ಕೈಗೆ ಸಿಗೋದು ಎರಡು ಬಗೆ. ಒಂದು, ವಿಎಚ್‌ಟಿ ಫ್ಲೇಮ್‌ಪ್ರೂಫ್ ಥರದ ಸ್ಪ್ರೇ ಕ್ಯಾನ್. ಇನ್ನೊಂದು, ಸೆರಾಕೋಟ್ ಕಂಪನಿಯ ಸಿ-ಸೀರೀಸ್ ಥರದ್ದು, ಸ್ಪ್ರೇ ಗನ್ನಿನಲ್ಲಿ ಹೊಡೆಯೋದು. ಇದಕ್ಕೆ ಓವನ್ ಬೇಡ, ಗಾಳಿಯಲ್ಲೇ ಐದು ದಿನಕ್ಕೆ ಗಟ್ಟಿಯಾಗುತ್ತೆ. ಆದ್ರೆ ಗನ್ನು, ಕಂಪ್ರೆಸರ್, ಪಳಗಿದ ಕೈ ಮೂರೂ ಬೇಕು.

ಸ್ಪ್ರೇ ಕ್ಯಾನಿನ ಒಳಗಿರೋದು ಸಿಲಿಕೋನ್ ರಾಳ. ಮಾಮೂಲಿ ಪೇಂಟಿನ ಬೆನ್ನೆಲುಬು ಇಂಗಾಲದ ಸರಪಳಿ, 200 ಡಿಗ್ರಿ ದಾಟಿದ್ರೆ ಸುಟ್ಟುಹೋಗುತ್ತೆ. ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್-ಆಮ್ಲಜನಕದ ಸರಪಳಿ, ಅಂದ್ರೆ ಮರಳು, ಗಾಜು ಇವುಗಳ ಜಾತಿ. ಅದಕ್ಕೆ ಅಂಟಿಕೊಂಡ ಇಂಗಾಲದ ಗುಂಪುಗಳು ಬಿಸಿಗೆ ನಿಧಾನಕ್ಕೆ ಉರಿದುಹೋಗಿ, ಉಳಿದದ್ದು ಬಣ್ಣದ ಪುಡಿಯ ಜೊತೆ ಬೆಸೆದುಕೊಂಡು ಗಾಜಿನಂಥ ಪೊರೆ ಆಗುತ್ತೆ. ಅಂದ್ರೆ ನೀವು ಹೊಡೆಯೋದು ಪೇಂಟು, ಸೆರಾಮಿಕ್ ಆಗೋದು ಪೈಪಿನ ಮೇಲೆ, ಬಿಸಿಯಾದಾಗ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಕ್ಯೂರಿಂಗ್ ಹೊತ್ತಿಗೆ ಬೇಕಾಗುತ್ತೆ.

ಈಗ ಲೆಕ್ಕ. ‘ಈ ಕೋಟಿಂಗ್ ಶಾಖ ತಡೆಯುತ್ತೆ’ ಅಂತಾರಲ್ಲ, ಎಷ್ಟು? ಪದರದ ದಪ್ಪ 50 ಮೈಕ್ರಾನ್, ತಲೆಗೂದಲಿನಷ್ಟು. ಅದರ ಶಾಖವಾಹಕತೆ ಮೀಟರಿಗೆ ಡಿಗ್ರಿಗೆ 1 ವ್ಯಾಟ್ ಅಂತ ಇಟ್ಟುಕೊಳ್ಳೋಣ. ಪೈಪಿನ ಪ್ರತಿ ಚದರ ಮೀಟರಿನಿಂದ 20,000 ವ್ಯಾಟ್ ಹೊರಗೆ ಹೋಗ್ತಿದೆ ಅನ್ನೋಣ. ಗುಣಿಸಿ: 20,000 ಗುಣಿಸು 0.00005. ಬರೋದು 1. ಆ ಪದರದ ಒಳಮೈಗೂ ಹೊರಮೈಗೂ ಇರೋ ವ್ಯತ್ಯಾಸ ಒಂದು ಡಿಗ್ರಿ! ಪೈಪು 500 ಡಿಗ್ರಿ ಇದ್ರೆ ಕೋಟಿಂಗ್ ಮೇಲೆ 499. ಟರ್ಬೈನ್ ಬ್ಲೇಡಿನಲ್ಲಿ ಪದರ ಇದರ ಹಲವು ಪಟ್ಟು ದಪ್ಪ, ಹರಿಯೋ ಶಾಖ ಹತ್ತಾರು ಪಟ್ಟು ಜಾಸ್ತಿ, ಬ್ಲೇಡಿನ ಒಳಗಡೆಯಿಂದ ತಂಪು ಗಾಳಿ ಬೇರೆ. ಅಲ್ಲಿ ನೂರಕ್ಕೂ ಹೆಚ್ಚು ಡಿಗ್ರಿ ಉಳಿಯುತ್ತೆ. ಅಲ್ಲಿನ ಕೀರ್ತಿಯನ್ನ ತಂದು ನಮ್ಮ ಸ್ಪ್ರೇ ಕ್ಯಾನಿಗೆ ಅಂಟಿಸೋದು ನ್ಯಾಯ ಅಲ್ಲ.

ಹಾಗಾದ್ರೆ ಬರೀ ಸುಳ್ಳಾ? ಇಲ್ಲ, ತಾಳಿ. ಬಿಸಿ ಪೈಪಿನಿಂದ ಶಾಖ ಹೋಗೋ ದೊಡ್ಡ ದಾರಿ ವಿಕಿರಣ, ಅಂದ್ರೆ ಒಲೆ ಮುಂದೆ ಕೂತಾಗ ಮುಖಕ್ಕೆ ಹೊಡೆಯೋ ಝಳ. ಅದನ್ನ ತೀರ್ಮಾನ ಮಾಡೋದು ಮೇಲ್ಮೈ, ದಪ್ಪ ಅಲ್ಲ. 500 ಡಿಗ್ರಿಯಲ್ಲಿ ಪೂರ್ತಿ ಕಪ್ಪು ಮೈ ಚದರ ಮೀಟರಿಗೆ ಸುಮಾರು 20 ಕಿಲೋವ್ಯಾಟ್ ಸೂಸುತ್ತೆ. ತುಕ್ಕು ಹಿಡಿದ ಕಬ್ಬಿಣ ಅದರ 85 ಪಾಲು, ಸುಮಾರು 17. ಅಲ್ಯೂಮಿನಿಯಂ ಪುಡಿ ಇರೋ ಬೆಳ್ಳಿ ಬಣ್ಣದ ಕೋಟಿಂಗ್ 30 ಪಾಲು ಅಂತ ಹಿಡಿದ್ರೆ 6. ನಮ್ಮ ಹೆಡರಿನ ಮೈ ಹೆಚ್ಚುಕಡಿಮೆ ಕಾಲು ಚದರ ಮೀಟರ್. ಅಂದ್ರೆ ಘಾಟಿ ಏರೋವಾಗ ತುಕ್ಕಿನ ಹೆಡರ್ ಬಾನೆಟ್ ಒಳಗೆ ನಾಲ್ಕೂಕಾಲು ಕಿಲೋವ್ಯಾಟ್ ಸುರಿಯುತ್ತೆ, ಪೂರ್ತಿ ಉರಿಗೆ ಇಟ್ಟ ಎರಡು ಇಂಡಕ್ಷನ್ ಒಲೆಯಷ್ಟು. ಬೆಳ್ಳಿ ಬಣ್ಣದ್ದು ಒಂದೂವರೆ. ಇದು ಸಣ್ಣ ಲಾಭ ಅಲ್ಲ.

ಆದ್ರೆ ಜನ ಕೊಳ್ಳೋದು ಯಾವುದು? ಮ್ಯಾಟ್ ಬ್ಲ್ಯಾಕ್. ನೋಡೋಕೆ ರೇಸ್ ಕಾರ್ ಥರ. ಕಪ್ಪು ಕೋಟಿಂಗ್ ತುಕ್ಕಿನ ಪೈಪಿನಷ್ಟೇ, ಕೆಲವು ಸಲ ಅದಕ್ಕಿಂತ ಜಾಸ್ತಿ ಝಳ ಹೊಡೆಯುತ್ತೆ. ತುಕ್ಕು ತಡೆಯೋಕೆ ಅದು ಸಾಕು, ಕಾರ್ಬುರೇಟರಿಗೆ ಅದರಿಂದ ಪ್ರಯೋಜನ ಇಲ್ಲ.

ಇಲ್ಲೇ ಇನ್ನೊಂದು ವಿಷಯ. ಕೋಟಿಂಗ್ ಮಾರೋ ವೀಡಿಯೋಗಳಲ್ಲಿ ಇನ್ಫ್ರಾರೆಡ್ ಗನ್ ಹಿಡಿದು ತೋರಿಸ್ತಾರೆ. ಕೊರೋನಾ ಕಾಲದಲ್ಲಿ ಹಣೆಗೆ ಹಿಡೀತಿದ್ರಲ್ಲ, ಅದರ ಅಣ್ಣ. ‘ನೋಡಿ, ಮೊದಲು 500, ಕೋಟಿಂಗ್ ಆದ್ಮೇಲೆ 300!’ ಆ ಗನ್ನು ಅಳೆಯೋದೇ ವಿಕಿರಣವನ್ನ. ಎದುರಿಗಿರೋದು ಹೆಚ್ಚುಕಡಿಮೆ ಕಪ್ಪು ಮೈ ಅಂತ ಅಂದುಕೊಂಡು ಅದು ಲೆಕ್ಕ ಹಾಕುತ್ತೆ. ಬೆಳ್ಳಿ ಮೈಯಿಂದ ವಿಕಿರಣ ಕಡಿಮೆ ಬಂದಾಗ ‘ತಣ್ಣಗಿದೆ’ ಅಂತ ತಿಳಿಯುತ್ತೆ. ಪೈಪು 500ರಲ್ಲೇ ಇದ್ರೂ ಗನ್ನಿನಲ್ಲಿ 300 ಆಸುಪಾಸು ಬರಬಹುದು, ಅದಕ್ಕೂ ಕಡಿಮೆ ಬರಬಹುದು. ಅದನ್ನ ನಂಬಿ ಕೈ ಇಟ್ರೆ ಚರ್ಮ ಪೈಪಿಗೆ ಅಂಟಿಕೊಳ್ಳುತ್ತೆ. ನಿಜಕ್ಕೂ, ಹೊರಗೆ ಹೋಗೋ ಶಾಖ ಕಡಿಮೆಯಾದಾಗ ಪೈಪಿನ ಲೋಹ ಇನ್ನಷ್ಟು ಬಿಸಿಯಾಗುತ್ತೆ. ಅಳೀಬೇಕು ಅಂದ್ರೆ ಕೆ-ಟೈಪ್ ಥರ್ಮೋಕಪಲ್ ಅನ್ನ ಪೈಪಿಗೆ ಬಿಗಿದು ಮಲ್ಟಿಮೀಟರಿನಲ್ಲಿ ನೋಡಿ. ಇನ್ನೊಂದು ಹಳೇ ಗುರುತು ಇದೆ: ಕತ್ತಲಲ್ಲಿ ಪೈಪು ಮಂದ ಕೆಂಪಾಗಿ ಕಾಣ್ತಿದ್ರೆ 525 ಡಿಗ್ರಿ ದಾಟಿದೆ ಅಂತ. ಡ್ರೇಪರ್ ಅನ್ನೋರು 1847ರಲ್ಲೇ ಇದನ್ನ ಹೇಳಿದ್ರು. ಯಾವ ಪೇಂಟ್ ಹೊಡೆದ್ರೂ ಇದು ಬದಲಾಗಲ್ಲ.

ಸರಿ, ಕೆಲಸಕ್ಕೆ ಬರೋಣ. ಕೆಲಸದ ಮುಕ್ಕಾಲು ಪಾಲು ಪೈಪನ್ನ ಶುಚಿ ಮಾಡೋದು, ಸ್ಪ್ರೇ ಹೊಡೆಯೋದು ಅರ್ಧ ಗಂಟೆ.

ಹಳೇ ಹೆಡರ್ ಬಿಚ್ಚೋವಾಗ ಹಳೇ ಗ್ಯಾಸ್ಕೆಟ್ ಹುಷಾರು. ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ. ಒಣಗಿದ್ದನ್ನ ವೈರ್ ಬ್ರಷ್ ಹಾಕಿ ಉಜ್ಜಬೇಡಿ. ನೀರು ಚಿಮುಕಿಸಿ, ನೆನೆಸಿ, ಸ್ಕ್ರೇಪರಿನಲ್ಲಿ ಎಬ್ಬಿಸಿ, ಒದ್ದೆ ಇದ್ದ ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.

ಆಮೇಲೆ ಬ್ಲಾಸ್ಟಿಂಗ್. ಎಮರಿ ಪೇಪರ್ ಹಾಕಿ ಉಜ್ಜಿದ್ರೆ ಆಗಲ್ವಾ ಅಂತ ಕೇಳ್ತಾರೆ. ಆಗುತ್ತೆ, ಆದ್ರೆ ನಾಲ್ಕು ಪೈಪು ಸೇರೋ ಸಂದಿಯಲ್ಲಿ ಬೆರಳೇ ಹೋಗಲ್ಲ. ತುಕ್ಕು, ಎಣ್ಣೆ ಉಳಿಯೋದು ಅಲ್ಲೇ, ಕೋಟಿಂಗ್ ಏಳೋಕೆ ಶುರುವಾಗೋದೂ ಅಲ್ಲೇ. ಈ ಒಂದು ಹಂತವನ್ನ ಮಾತ್ರ ನಾನು ಮನೆಯಲ್ಲಿ ಮಾಡಲಿಲ್ಲ, ಮಾಡಿ ಅಂತಲೂ ಹೇಳಲ್ಲ. ಕಾರಣ ಇದೆ.

ಭೋಸರಿಯಲ್ಲಿ ಬ್ಲಾಸ್ಟಿಂಗ್ ಮಾಡೋ ಸಣ್ಣ ಶೆಡ್ಡಿಗೆ ಹೋಗಿದ್ದೆ. ಮರಾಠಿಯಲ್ಲಿ ಮಾತಾಡ್ತಿದ್ದವರು ನನ್ನ ಫೋನಿನ ಮಾತು ಕೇಳಿ ‘ನೀವು ಕನ್ನಡದವರೇನ್ರಿ?’ ಅಂದ್ರು. ವಿಜಯಪುರ ಕಡೆಯವರು, ಇಪ್ಪತ್ತು ವರ್ಷದಿಂದ ಇಲ್ಲಿದ್ದಾರೆ. ‘ಉಸುಕು ಹಾಕ್ತೀರಾ?’ ಅಂತ ಕೇಳಿದೆ. ‘ಉಸುಕು ಬಿಟ್ಟು ಭಾಳ ವರ್ಷ ಆತ್ರಿ ಸರ. ಮೊದಲ ನಮ್ಮ ಅಣ್ಣನೂ ನಾನೂ ಕೂಡೇ ಮಾಡ್ತಿದ್ವಿ, ಮಾರಿಗೆ ಒಂದು ಟಾವೆಲ್ ಕಟ್ಟಿಕೊಂಡು. ಅಣ್ಣನ ಎದಿ ಪೂರಾ ಹೋತು. ಈಗ ಊರಾಗ ಅದಾನ, ನಾಕ ಹೆಜ್ಜಿ ನಡದ್ರ ಕುಂದರಬೇಕು. ನಾ ಈಗ ಗಾರ್ನೆಟ್ಟ ಅಷ್ಟ ಹಾಕ್ತೀನ್ರಿ.’ ಹೇಳಿ, ನನ್ನ ಹೆಡರನ್ನ ತಿರುವಿ ತಿರುವಿ ನೋಡಿ, ‘ವೆಲ್ಡಿಂಗ್ ಸ್ಲ್ಯಾಗ್ ತಗಿಸಿಕೊಂಡು ಬರ್ರಿ, ಇದರ ಮ್ಯಾಲ ಹೊಡದ್ರ ಉಪಯೋಗಿಲ್ಲ’ ಅಂತ ವಾಪಸ್ ಕಳಿಸಿದ್ರು.

ಅವರ ಅಣ್ಣನಿಗೆ ಆಗಿರೋದರ ಹೆಸರು ಸಿಲಿಕೋಸಿಸ್. ಮರಳು ಬಡಿದು ಒಡೆದಾಗ ಏಳೋ ಸಿಲಿಕಾ ದೂಳು ಕಣ್ಣಿಗೆ ಕಾಣದಷ್ಟು ಸಣ್ಣದು, ಶ್ವಾಸಕೋಶದ ತಳ ಮುಟ್ಟಿ ಅಲ್ಲೇ ಉಳಿಯುತ್ತೆ. ವಾಸಿ ಮಾಡೋ ಔಷಧಿ ಇಲ್ಲ, ಕ್ಷಯ ಬರೋ ಸಾಧ್ಯತೆಯೂ ಏರುತ್ತೆ. ಬ್ರಿಟನ್ ಬ್ಲಾಸ್ಟಿಂಗಿಗೆ ಮರಳು ಬಳಸೋದನ್ನ 1949ರಲ್ಲೇ ನಿಷೇಧ ಮಾಡಿತು. ನಮ್ಮಲ್ಲಿ ಸಣ್ಣ ಕಂಪ್ರೆಸರ್, ಮರಳಿನ ಚೀಲ, ಟಾವೆಲ್ಲು ಇಟ್ಟುಕೊಂಡು ‘ಮನೆಯಲ್ಲೇ ಸ್ಯಾಂಡ್ ಬ್ಲಾಸ್ಟ್ ಮಾಡಿ’ ಅಂತ ವೀಡಿಯೋ ಹಾಕ್ತಾರೆ. ದಯವಿಟ್ಟು ಬೇಡ. ಕೆಲಸ ಕೊಡೋವಾಗಲೂ ಕೇಳಿ: ಏನು ಹಾಕ್ತೀರಿ? ಗಾರ್ನೆಟ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಅಂದ್ರೆ ಕೊಡಿ, 100ರ ಸುಮಾರಿನ ಗ್ರಿಟ್ ಸಾಕು. ಮರಳು ಅಂದ್ರೆ ಬೇರೆ ಶೆಡ್ ಹುಡುಕಿ. ಸ್ವಲ್ಪ ದುಡ್ಡು ಉಳಿಯಬಹುದು, ಆದ್ರೆ ಅದು ಇನ್ನೊಬ್ಬರ ಎದೆಯಿಂದ ಬಂದದ್ದು.

ಬ್ಲಾಸ್ಟ್ ಆದ ಪೈಪು ಬೂದು ಬಣ್ಣಕ್ಕೆ, ಸಣ್ಣ ರವೆಯ ಹಾಗೆ ಒರಟಾಗಿ ಕೈಗೆ ಬರುತ್ತೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು, ಎಣ್ಣೆ ಎರಡೂ ಅಂಟುತ್ತೆ. ನೈಟ್ರೈಲ್ ಗ್ಲೌಸ್ ಹಾಕಿ. ಅವತ್ತೇ ಸ್ಪ್ರೇ ಮಾಡಿ, ಮರುದಿನಕ್ಕೆ ಇಟ್ರೆ ಮುಂಬೈ, ಚೆನ್ನೈ ಗಾಳಿಯಲ್ಲಿ ಕೇಸರಿ ಛಾಯೆ ಬಂದಿರುತ್ತೆ. ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಪೇಂಟಿಂಗ್ ಕಸುಬಿನವರ ನಿಯಮ: ಗಾಳಿಯ ತೇವ ಶೇಕಡ 85 ಮೀರಬಾರದು, ಲೋಹ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಪುಣೆಯ ಡಿಸೆಂಬರ್ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ್ದು.

ಒರೆಸೋಕೆ ಅಸಿಟೋನ್. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಬೇಡವೇ ಬೇಡ, ಅದರ ಉಳಿಕೆ ಕಾದಾಗ ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟಬಹುದು. ಪ್ರೈಮರ್ ಅಂತ ರೆಡ್ ಆಕ್ಸೈಡ್ ಹೊಡೆಯೋರೂ ಇದ್ದಾರೆ. ಅದು ಮೊದಲ ಘಾಟಿಗೇ ಸುಟ್ಟು, ಮೇಲಿನ ಕೋಟಿಂಗನ್ನೂ ಹಪ್ಪಳದ ಹಾಗೆ ಎಬ್ಬಿಸುತ್ತೆ. ಅದೇ ಕಂಪನಿಯ ಹೈ-ಟೆಂಪರೇಚರ್ ಪ್ರೈಮರ್ ಇದ್ರೆ ಸರಿ, ಇಲ್ಲದಿದ್ರೆ ಬರೀ ಲೋಹದ ಮೇಲೇ ಹೊಡೀರಿ.

ಹೆಡರನ್ನ ಬೈಂಡಿಂಗ್ ವೈರಿನಲ್ಲಿ ತೂಗುಹಾಕಿ. ಗ್ಯಾಸ್ಕೆಟ್ ಕೂರೋ ಮುಖಕ್ಕೆ ಟೇಪ್ ಅಂಟಿಸಿ. ಮೊದಲು ಸಂದಿಗಳಿಗೆ, ಒಳ ಬಾಗುಗಳಿಗೆ, ಆಮೇಲೆ ಕಾಣೋ ಜಾಗಕ್ಕೆ. ಒಂದಡಿ ದೂರದಿಂದ ಮಂಜಿನ ಹಾಗೆ ಒಂದು ತೆಳು ಪದರ, ಹತ್ತು ನಿಮಿಷ ಬಿಟ್ಟು ಇನ್ನೊಂದು, ಮತ್ತೊಂದು. ದಪ್ಪ ಹೊಡೆದ್ರೆ ಜಾಸ್ತಿ ಬಾಳುತ್ತೆ ಅನ್ನೋದು ಇಲ್ಲಿ ತಲೆಕೆಳಗು. ಅರ್ಧ ಮೀಟರ್ ಉದ್ದದ ಕಬ್ಬಿಣದ ಪೈಪು 500 ಡಿಗ್ರಿ ಏರಿದಾಗ 3 ಮಿಲಿಮೀಟರ್ ಹಿಗ್ಗುತ್ತೆ. ತೆಳು ಪೊರೆ ಜೊತೆಗೆ ಎಳೆದುಕೊಂಡು ಹೋಗುತ್ತೆ, ದಪ್ಪದ್ದು ಬಿರುಕು ಬಿಡುತ್ತೆ. ನಾನು ಎರಡು ಕ್ಯಾನ್ ತರಿಸಿದ್ದೆ, ಒಂದೂವರೆ ಸಾಕಾಯ್ತು. ಮುಖಕ್ಕೆ ಎನ್95 ಮಾಸ್ಕ್ ಸಾಲದು, ಅದು ದೂಳಿಗೆ. ಥಿನ್ನರ್ ಆವಿಗೆ ಕಾರ್ಬನ್ ಕಾರ್ಟ್ರಿಜ್ ಇರೋ ರೆಸ್ಪಿರೇಟರ್ ಬೇಕು. ಫ್ಲ್ಯಾಟಿನ ಬಾಲ್ಕನಿ ಬೇಡ. ಸ್ಪ್ರೇ ಮಂಜು ಕೆಳಗಿನವರ ಬಿಳಿ ಕಾರಿನ ಮೇಲೆ ಕೂತ್ರೆ ಸೊಸೈಟಿ ಮೀಟಿಂಗಿನಲ್ಲಿ ನಿಮ್ಮದೇ ವಿಷಯ. ನಾನು ಟೆರೇಸಿನಲ್ಲಿ ಹಳೇ ರಟ್ಟಿನ ಪೆಟ್ಟಿಗೆ ಬಿಚ್ಚಿ ಮೂರು ಕಡೆ ಗೋಡೆ ಮಾಡಿಕೊಂಡೆ.

ಆಮೇಲೆ ಕ್ಯೂರಿಂಗ್. ಅಡುಗೆಮನೆಯ ಓಟಿಜಿಯಲ್ಲಿ ಇಡೋ ಆಸೆ ಬರುತ್ತೆ. ಅದು 250 ಡಿಗ್ರಿಗೆ ನಿಲ್ಲುತ್ತೆ, ಹೆಡರ್ ಹಿಡಿಸೋದೂ ಇಲ್ಲ. ಹಿಡಿಸಿದ್ರೂ ಬೇಡ: ಹೊರಬರೋ ದ್ರಾವಕದ ಆವಿಗೆ ಬೆಂಕಿ ಹತ್ತಬಹುದು, ಮತ್ತೆ ಅದರಲ್ಲೇ ನೀವು ಮಕ್ಕಳಿಗೆ ಕೇಕ್ ಮಾಡೋದು. ಗಾಡಿಗೆ ಜೋಡಿಸಿ ಎಂಜಿನ್ನಿನ ಕಾವಿನಲ್ಲೇ ಬೇಯಿಸಿ. ವಾಡಿಕೆಯ ಕ್ರಮ: ಹತ್ತು ನಿಮಿಷ ಐಡಲ್, ಇಪ್ಪತ್ತು ನಿಮಿಷ ಆರಿಸೋದು. ಮತ್ತೆ ಇಪ್ಪತ್ತು ನಿಮಿಷ ಐಡಲ್, ಇಪ್ಪತ್ತು ಆರಿಸೋದು. ಆಮೇಲೆ ಅರ್ಧ ಗಂಟೆ ಪೂರ್ತಿ ಬಿಸಿಗೆ ಓಡಿಸೋದು. ನಿಮ್ಮ ಕ್ಯಾನಿನ ಮೇಲೆ ಬೇರೆ ಇದ್ರೆ ಅದೇ ಕೊನೆ ಮಾತು. ಆತುರ ಮಾಡಿದ್ರೆ ಒಳಗಿನ ದ್ರಾವಕ ಹೊರಬರೋಕೆ ದಾರಿ ಸಿಗದೆ ಗುಳ್ಳೆ ಏಳುತ್ತೆ. ಹೊಗೆ ಬರುತ್ತೆ, ಗಾಬರಿ ಬೇಡ. ಆದ್ರೆ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಒಂದೂವರೆ ಗಂಟೆಯ ಕೆಲಸ ಇದು, ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಯಲಲ್ಲಿ ಮಾಡಿ, ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ. ಇದಕ್ಕೂ ಮೊದಲು ಇಗ್ನಿಷನ್ ಟೈಮಿಂಗ್ ಸರಿ ಮಾಡಿಸಿಕೊಳ್ಳಿ. ಟೈಮಿಂಗ್ ತಡವಾಗಿದ್ರೆ ಉರಿ ಹೆಡರ್ ತನಕ ಬರುತ್ತೆ, ಎಂಥ ಕೋಟಿಂಗೂ ತಡೆಯಲ್ಲ.

ಕೋಟಿಂಗ್ ಹೊರಗಡೆಗೆ ಮಾತ್ರ ಅನ್ನೋದು ನೆನಪಿರಲಿ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ. ಬರೀ ತರಕಾರಿ ತರೋಕೆ ಓಡಿಸಿದ್ರೆ ಆ ನೀರು ಒಳಗೇ ಉಳಿದು ಎಂಎಸ್ ಪೈಪು ಒಳಗಿನಿಂದ ತಿನ್ನಿಸಿಕೊಳ್ಳುತ್ತೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಗೆ ಬಿಡಿ.

ಇನ್ನು ಕಾರ್ಬುರೇಟರ್. ಬೆಳ್ಳಿ ಕೋಟಿಂಗಿನಿಂದ ಝಳ ಇಳಿಯಿತು. ಆದ್ರೆ ಅದರ ಮೇಲೆ ಎಣ್ಣೆ, ದೂಳು ಕೂತ ಹಾಗೆಲ್ಲ ಆ ಲಾಭ ಸವೆಯುತ್ತೆ. ಅಪ್ಪ ಅಮ್ಮನ್ನ ಕೂರಿಸಿಕೊಂಡು ಹೋಗೋ ಗಾಡಿಯನ್ನ ಅದೊಂದರ ಮೇಲೇ ಬಿಡೋ ಹಾಗಿಲ್ಲ. ಹೆಡರ್ ಹಾಕಿದಾಗ ಎಷ್ಟೋ ಮೆಕ್ಯಾನಿಕ್‌ಗಳು ಕಂಪನಿಯ ಹೀಟ್ ಶೀಲ್ಡನ್ನ ‘ಇದು ಕೂರಲ್ಲ’ ಅಂತ ಮೂಲೆಗೆ ಎಸೀತಾರೆ. ನಾನು 1 ಮಿಲಿಮೀಟರ್ ಅಲ್ಯೂಮಿನಿಯಂ ಶೀಟು ತಂದು, ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ, ಹೆಡರಿಗೂ ಕಾರ್ಬುರೇಟರಿಗೂ ನಡುವೆ ಅಡ್ಡ ಕೂರಿಸಿದೆ. ಎರಡೂ ಕಡೆ ಒಂದೊಂದು ಬೆರಳಿನಷ್ಟು ಗಾಳಿ ಆಡೋ ಜಾಗ. ಹೊಳೆಯೋ ಒಂದು ತಗಡು ಅಡ್ಡ ಇದ್ರೆ ವಿಕಿರಣದ ಬಹುಪಾಲು ಅಲ್ಲೇ ನಿಲ್ಲುತ್ತೆ. ಐವತ್ತು ಮೈಕ್ರಾನ್ ಪೇಂಟಿಗೆ ಆಗದ ಕೆಲಸವನ್ನ ಒಂದು ಬೆರಳಿನ ಗಾಳಿ ಮಾಡುತ್ತೆ. ಕಾರ್ಬುರೇಟರ್ ಕೆಳಗೆ ಬೇಕಲೈಟ್ ಸ್ಪೇಸರ್ ಕೂಡ ಹಾಕಿಸಿದೆ. ಪುಣೆಯವರಿಗೆ ಇವೆಲ್ಲ ನಾನಾ ಪೇಠೆಯಲ್ಲಿ ಸಿಗುತ್ತೆ. ದೆಹಲಿಯವರು ಕಾಶ್ಮೀರಿ ಗೇಟ್, ಚೆನ್ನೈಯವರು ಜನರಲ್ ಪ್ಯಾಟರ್ಸ್ ರೋಡ್, ಹೈದರಾಬಾದಿನವರು ರಾಣಿಗಂಜ್ ಕಡೆ ವಿಚಾರಿಸಿ. ಈಗ ಲೋನಾವಳಾದಲ್ಲಿ ಚಿಕ್ಕಿ ಜೊತೆ ಚಹಾನೂ ಕುಡಿದು ಬರ್ತೀವಿ, ಒಂದೇ ಕೀಗೆ ಸ್ಟಾರ್ಟ್ ಆಗುತ್ತೆ.

ತುಕ್ಕಿಗೆ ಮಾತ್ರ ಅಂದ್ರೆ ಯಾವ ಬಣ್ಣವಾದ್ರೂ ಹೊಡೀರಿ. ನಿಮ್ಮ ಗಾಡಿಯಲ್ಲಿ ಕಾರ್ಬುರೇಟರ್ ಆಚೆ ಮಗ್ಗುಲಲ್ಲಿದ್ರೆ ಕಪ್ಪೇ ಇರಲಿ, ಚೆನ್ನಾಗಿ ಕಾಣುತ್ತೆ. ಹೆಡರ್ ಬಟ್ಟೆ ಸುತ್ತೋ ಯೋಚನೆ ಇದ್ರೆ ಎಂಎಸ್ ಪೈಪಿಗೆ ಬೇಡ, ಒದ್ದೆ ಹಿಡಿದಿಟ್ಟುಕೊಂಡು ಒಳಗೊಳಗೇ ತುಕ್ಕು ಹಿಡಿಸುತ್ತೆ.

ಕೊನೆಗೆ ಒಂದು: ಮೂರು ನಾಲ್ಕು ಸಲ ಬಿಸಿಯಾಗಿ ಆರಿದ ಮೇಲೆ ಹೊಸ ಗ್ಯಾಸ್ಕೆಟ್ ಕುಗ್ಗಿ ನಟ್ಟುಗಳು ಸಡಿಲ ಆಗಿರ್ತವೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ನಡುವಿನ ನಟ್ಟಿನಿಂದ ಶುರು ಮಾಡಿ ಎರಡೂ ಕಡೆಗೆ ಹೋಗ್ತಾ ಮತ್ತೆ ಬಿಗಿ ಮಾಡಿ. ಸ್ಟಾರ್ಟ್ ಮಾಡಿದಾಗ ‘ಟಿಕ್ ಟಿಕ್’ ಅಂತ ಸದ್ದು ಬಂದ್ರೆ ಇನ್ನೂ ಎಲ್ಲೋ ಲೀಕ್ ಇದೆ ಅಂತ.